ಮನೆ ಸೇರದ ಕರು

ಪ್ರಭಂಜನ ವಿಡಿಯೋ ಗೇಮ್ ಮಾಡುವವನು. ಮೊದಲನೆಯದನ್ನು ಮಾಡಿದ್ದು ಕಾಲು ಮುರಿದುಕೊಂಡು ಮಲಗಿದ್ದ ತಂಗಿಗಾಗಿ. ಅದರಲ್ಲಿ ದಾರಿ ತಪ್ಪಿದ ಕರುವೊಂದನ್ನು ಕಾಡು ದಾಟಿಸಿ ಮನೆಗೆ ಕರೆತರಬೇಕು. ಕರು ಕೊಟ್ಟಿಗೆ ಸೇರಿತೆಂದರೆ ಆಟ ಮುಗಿಯಿತು.

ಆಟ ಎಲ್ಲರಿಗೂ ಹಿಡಿಸಿತು. ದೊಡ್ಡ ಕಂಪನಿಯೊಂದು ಅದನ್ನು ಕೊಂಡು, ಅವನನ್ನೂ ಅವನ ಗೆಳೆಯರನ್ನೂ ಕೆಲಸಕ್ಕೆ ಸೇರಿಸಿಕೊಂಡಿತು.

ಕೆಲವು ವರ್ಷ ಕಳೆದ ಮೇಲೆ ಅವನು ತುಂಗಭದ್ರೆಯ ದಡದ ಆಶ್ರಮಕ್ಕೆ ಬಂದು, ತನ್ನ ಗುರು ವಿಶ್ವಂಭರರ ಮುಂದೆ ಕೂತ.

"ನಿದ್ದೆ ಬರುತ್ತಿಲ್ಲ, ಗುರುಗಳೇ."

"ನಿನ್ನ ಕರು ಹೇಗಿದೆ?"

ಪ್ರಭಂಜನ ತಲೆ ತಗ್ಗಿಸಿದ.

"ಇನ್ನೂ ಕಾಡಿನಲ್ಲೇ ಇದೆ. ಮನೆ ಸೇರಿದರೆ ಜನ ಆಟ ಬಿಟ್ಟು ಏಳುತ್ತಾರೆ, ಆಮೇಲೆ ಲಾಭ ಎಲ್ಲಿಂದ ಬರಬೇಕು ಎಂದರು ಕಂಪನಿಯವರು. ಕೊಟ್ಟಿಗೆಯನ್ನು ನಾನೇ ಅಳಿಸಿದೆ. ಈಗ ಕರುವಿಗೆ ಹಸಿವಾಗುತ್ತದೆ, ಹುಲ್ಲಿಗೆ ದುಡ್ಡು ಕೊಡಬೇಕು. ಮಕ್ಕಳು ಎದ್ದು ಹೋಗಲು ನೋಡಿದರೆ ಅದು ಅಳುತ್ತದೆ. ಆ ಅಳುವನ್ನೂ ನಾನೇ ಮಾಡಿದ್ದು."

"ಯಾಕೆ ಒಪ್ಪಿದೆ?"

"ನನ್ನನ್ನು ನಂಬಿ ಬಂದ ಗೆಳೆಯರಿದ್ದಾರೆ. ಅವರ ಮನೆಯಲ್ಲೂ ಒಲೆ ಉರಿಯಬೇಕಲ್ಲ?"

"ಉರಿಯಬೇಕು," ಎಂದು ಗುರುಗಳು ಅವನ ಬೆನ್ನು ಸವರಿದರು.

ಊಟವಾಯಿತು. ಪ್ರಭಂಜನ ಹೊರಡಲು ಎದ್ದ.

"ಮಜ್ಜಿಗೆ ಕುಡಿದು ಹೋಗು," ಎಂದರು ಗುರುಗಳು.

ಕುಡಿದು ಮತ್ತೆ ಎದ್ದ.

"ಹೊಳೆಗೆ ಹೊಸ ನೀರು ಬಂದಿದೆ. ನೋಡಿಕೊಂಡು ಹೋಗು."

ನೋಡಿ ಬಂದ. ಅಷ್ಟರಲ್ಲಿ ಗುರುಗಳು ಅವನ ಚೀಲವನ್ನು ತಮ್ಮ ಬೆನ್ನ ಹಿಂದೆ ಇಟ್ಟು, ಅದಕ್ಕೇ ಒರಗಿ ಕೂತಿದ್ದರು.

"ಚೀಲ ಕೊಡಿ, ಗುರುಗಳೇ."

"ನೀನು ಹೋದರೆ ನನಗೆ ಅಳು ಬರುತ್ತದೆ."

"ಇದೇನು ಹೀಗೆ ಮಾಡುತ್ತೀರಿ? ಬಸ್ಸು ತಪ್ಪುತ್ತದೆ. ನನ್ನನ್ನು ಹೋಗಲು ಬಿಡಿ!"

ದನಿ ಏರಿಬಿಟ್ಟಿತ್ತು. ಗುರುಗಳ ಮುಂದೆ ಅವನೆಂದೂ ಹಾಗೆ ಮಾತಾಡಿದವನಲ್ಲ. ತನ್ನ ಮಾತು ತನಗೇ ಕೇಳಿಸಿದಂತಾಗಿ ನಿಂತಲ್ಲೇ ಕುಸಿದು ಕೂತ. ಕಣ್ಣು ತುಂಬಿ ಬಂತು.

ಕಣ್ಣೊರೆಸಿಕೊಂಡು ಹೇಳಿದ, "ಕೊಟ್ಟಿಗೆಯನ್ನು ಮತ್ತೆ ಕಟ್ಟುತ್ತೇನೆ. ಕಂಪನಿಯವರು ಬಿಡಲಿಕ್ಕಿಲ್ಲ. ಬಿಡದಿದ್ದರೆ ಹೊರಗೆ ಬಂದು ಬೇರೆ ಆಟ ಮಾಡುತ್ತೇನೆ."

"ಗೆಳೆಯರು?"

"ಕೇಳುತ್ತೇನೆ. ನಿದ್ದೆ ಅವರಿಗೂ ಬರುತ್ತಿಲ್ಲ."

ಗುರುಗಳು ಚೀಲ ತೆಗೆದು ಅವನ ಕೈಗಿತ್ತರು. ಪ್ರಭಂಜನ ನಮಸ್ಕರಿಸಿ, ಮೆಟ್ಟಿಲ ಬಳಿ ಹೋದವನು ಅಳುಕುತ್ತಾ ತಿರುಗಿದ.

"ಆಟ ಮುಗಿಸಿ ಎದ್ದುಹೋದವರು ಮತ್ತೆ ಬರುತ್ತಾರೆಯೇ, ಗುರುಗಳೇ?"

ಗುರುಗಳು ಕೈ ಎತ್ತಿ ನಕ್ಕರು.

"ಹೋಗಿ ಬಾ."