ಬೆಳಕಿಂಡಿಯಲ್ಲಿ ಸಿಕ್ಕಿಕೊಂಡ ರಾಯಭಾರಿ

“ನಾನು ಕುದುರೆಯಿಂದ ಬಿದ್ದಾಗ ನಿಮ್ಮ ದೊರೆ ನಕ್ಕರು. ಅವರು ಬರಿಗಾಲಲ್ಲಿ ಬಂದು ತಪ್ಪೊಪ್ಪಿಕೊಳ್ಳುವವರೆಗೆ ಕೆರೆಯ ತೂಬು ತೆರೆಯುವುದಿಲ್ಲ!” ಎಂದು ಹಿರೇಕಣಿವೆಯ ಪಾಳೆಯಗಾರ ಸಣ್ಣಬೊಮ್ಮನಾಯಕ ಗುಡುಗಿದ.

ಕಿರುಗಣಿವೆಯ ರಾಯಭಾರಿ ಲಿಂಗರಸ ಕೈಮುಗಿದ. ಅವನ ಊರಿನ ಕಾಲುವೆ ಒಣಗಿ ಹದಿನೈದು ದಿನವಾಗಿತ್ತು, ಪೈರು ಬಾಡುತ್ತಿತ್ತು. ಅವನ ದೊರೆಯಾದರೋ ಬರಿಗಾಲಲ್ಲಿ ಅಂಗಳಕ್ಕೂ ಇಳಿಯುವವನಲ್ಲ.

“ಕುದುರೆಯಿಂದ ಬೀಳಲು ಕುದುರೆಯಾದರೂ ಬೇಕು, ಪ್ರಭು. ನನ್ನ ಮಾನ ಹೋದದ್ದು ನನ್ನ ಮನೆಯ ಬೆಳಕಿಂಡಿಯಲ್ಲಿ.”

“ಬೆಳಕಿಂಡಿಯಲ್ಲೇ?”

“ಇವತ್ತು ಬೆಳಗ್ಗೆ ನನ್ನ ಹೆಂಡತಿ ಒಂದು ಕೊಡ ನೀರು ಕೇಳಿದಳು. ನಾನು ತಾಳ್ಮೆಯ ಮಹಿಮೆಯನ್ನು ವಿವರಿಸಿದೆ. ಅವಳು ನನ್ನನ್ನು ಹೊರಗೆ ದಬ್ಬಿ ಅಗಳಿ ಹಾಕಿದಳು. ಮಾಳಿಗೆ ಹತ್ತಿ ಬೆಳಕಿಂಡಿಯಲ್ಲಿ ಇಳಿದೆ. ಕಾಲು ಇಳಿದವು, ಹೊಟ್ಟೆ ಇಳಿಯಲಿಲ್ಲ. ಮೇಲೆ ಕಾಗೆ, ಕೆಳಗೆ ಹೆಂಡತಿ.”

ಸಭೆ ನಕ್ಕಿತು. ನಾಯಕನ ಮೀಸೆಯೂ ಅಲುಗಿತು.

“ಅವಳು ಸೌಟು ಹಿಡಿದು ಬಂದಳು. ನೇತಾಡುತ್ತಿದ್ದ ನನ್ನ ಪಾದಗಳನ್ನು ನೋಡಿ ಒಂದೇ ಒಂದು ಮಾತು ಕೇಳಿದಳು...” ಲಿಂಗರಸ ಕೆಮ್ಮಿ ಸುಮ್ಮನಾದ.

“ಏನು ಕೇಳಿದಳಯ್ಯಾ?”

“ಗಂಟಲು ಒಣಗಿದೆ, ಪ್ರಭು.”

“ಯಾರಲ್ಲಿ, ನೀರು ತನ್ನಿ!”

“ಕ್ಷಮಿಸಬೇಕು. ಜಗಳ ತೀರುವವರೆಗೆ ರಾಯಭಾರಿ ಎದುರಾಳಿಯ ಮನೆಯ ನೀರನ್ನಾಗಲಿ, ಅವರ ಕೈಯಿಂದ ಕೊಟ್ಟ ನೀರನ್ನಾಗಲಿ ಮುಟ್ಟಬಾರದೆಂಬುದು ಹಿರಿಯರ ಕಟ್ಟಳೆ. ನಮ್ಮ ಕಾಲುವೆಯ ನೀರಾದರೆ ಆದೀತು. ಅದು ಒಣಗಿದೆ.”

ನಾಯಕ ಚಡಪಡಿಸಿದ. ಕೊನೆಗೆ, “ಸ್ವಲ್ಪ ಹೊತ್ತು ತೂಬು ತೆರೆಯಿರಿ! ಗಡಿಕಲ್ಲಿನ ಆಚೆಯಿಂದ ಒಂದು ಚೆಂಬು ನೀರು ತನ್ನಿ!” ಎಂದ.

ನೀರು ಬಂತು. ತಡೆಯಲಾರದೆ ನಾಯಕನೇ ಚೆಂಬನ್ನು ಎತ್ತಿ ಕೊಟ್ಟ. ಲಿಂಗರಸ ಕೊನೆಯ ಹನಿಯವರೆಗೂ ಕುಡಿದ.

“ಈಗ ಹೇಳು!”

“ಅವಳು ಕೇಳಿದಳು: ‘ಇಷ್ಟೊಂದು ಮಾತು ಬಲ್ಲಿರಲ್ಲ, ಆ ನಾಯಕರ ಮುಂದೆ ಮಾತಾಡಿ ತೂಬು ತೆರೆಸಲಾರಿರಾ?’ ಸಿಕ್ಕಿಕೊಂಡವನು ಏನು ಹೇಳಲಿ? ಆಗಲಿ ಎಂದೆ. ಕಾಲು ಹಿಡಿದು ಎಳೆದಳು. ನೇರವಾಗಿ ಇಲ್ಲಿಗೆ ಬಂದೆ.”

“ಎಲಾ! ತೂಬು ಮುಚ್ಚಿ!”

“ಮುಚ್ಚುವುದು ಹೇಗಪ್ಪಾ?” ಎಂದಳು ಪಕ್ಕದಲ್ಲೇ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ನಾಯಕನ ತಾಯಿ. “ನಿನ್ನ ಕೈಯಿಂದ, ನಿನ್ನ ಮನೆಯಲ್ಲಿ ರಾಯಭಾರಿ ನೀರು ಕುಡಿದಾಯಿತು. ಅದೇ ಕಟ್ಟಳೆಯಂತೆ ಜಗಳ ತೀರಿತು.”

ನಾಯಕ ಹೊಟ್ಟೆ ಹಿಡಿದು ನಕ್ಕ. “ಏನು ಬೇಕೋ ಕೇಳಿಕೋ, ಲಿಂಗರಸ!”

“ಒಂದು ಓಲೆ, ಪ್ರಭು. ನೀರು ತಂದವನು ನಾನೇ ಎಂದು ತಮ್ಮ ಮುದ್ರೆ ಒತ್ತಿ ಕೊಡಿ. ನನ್ನ ಬಾಯಿಮಾತನ್ನು ನಮ್ಮ ಮನೆಯಲ್ಲಿ ನಂಬುವುದಿಲ್ಲ.”