ಕಾಟಮ್ಮನ ಹೆಬ್ಬೆರಳಲ್ಲಿ ಮುಳ್ಳು ಮುರಿದದ್ದು

ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಾರದ ಕಾಲದಲ್ಲಿ, ಜಾಲಿ ಮರಗಳ ನಡುವೆ ಕಾರೇಹಟ್ಟಿ ಅಂತ ಕುರಿ ಸಾಕೋರ ಒಂದು ಹಟ್ಟಿ ಇತ್ತಂತೆ. ಹಟ್ಟಿ ಅಂದ್ರೆ ಸಣ್ಣ ಊರು ಕಣೇ, ಮಧ್ಯೆ ಬಾಯಿ ಹಾಕಬೇಡ, ಹೊದ್ದುಕೊಂಡು ಕೇಳು. ಆ ಹಟ್ಟೀಲಿ ಮನೆಗಿಂತ ಮುಳ್ಳೇ ಜಾಸ್ತಿಯಂತೆ. ಕುರಿ ಕೂಡೋ ರೊಪ್ಪಕ್ಕೆ ಮುಳ್ಳಿನ ಬೇಲಿ, ಹಿತ್ತಲಿಗೆ ಮುಳ್ಳಿನ ಬೇಲಿ, ದಾರೀಲಿ ಮುಳ್ಳು, ಕುರಿ ಉಣ್ಣೇಲೂ ಮುಳ್ಳು. ಅಲ್ಲಿ ಕಾಟಮ್ಮ ಅನ್ನೋ ಒಬ್ಬಳು ಇದ್ದಳಂತೆ. ಅವಳಿಗೆ ಮುಳ್ಳು ಕೀಳೋದು ಗೊತ್ತು, ಜೇನು ಕಚ್ಚಿದ್ರೆ ಕೊಂಡಿ ತೆಗೆಯೋದು ಗೊತ್ತು, ಉಳುಕಿದ ಕಾಲು ನೀವೋದು ಗೊತ್ತು, ಹೆರಿಗೆ ಮಾಡಿಸೋದೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದದ್ದೇ ಅವಳ ಕರ್ಮ ಆಗಿಹೋಯ್ತಂತೆ.

ಯಾಕೆ ಅಂತೀಯಾ? ಹಟ್ಟಿ ಜನ ಸುಮ್ಮನೆ ಗಾಯ ಮಾಡ್ಕೊಂಡು ಬರ್ತಿರಲಿಲ್ಲ, ಮೊದಲು ಮನೇಲಿ ಅದನ್ನ ಚೆನ್ನಾಗಿ ಕೆಡಿಸ್ಕೊಂಡು ಆಮೇಲೆ ಬರೋರಂತೆ. ಒಬ್ಬ ಅಂಗಾಲಿನ ಮುಳ್ಳು ತೆಗೀತೀನಿ ಅಂತ ಕುಡುಗೋಲಿನ ತುದೀಲಿ ಅಗೆದು ಬಾವಿ ತೋಡ್ಕೊಂಡು ಬರೋನು. ಒಬ್ಬಳು ಬಿಸಿ ಅಂಬಲಿ ಚೆಲ್ಲಿ ಕೈ ಸುಟ್ಟುಕೊಂಡ್ರೆ ತಣ್ಣೀರಲ್ಲಿ ಅದ್ದೋದು ಬಿಟ್ಟು ಒಲೆ ಬೂದಿ ಮೆತ್ತಿಕೊಂಡು ಬರೋಳು. ಇನ್ನೊಬ್ಬ ಕಿವಿಗೆ ಇರುವೆ ಹೊಕ್ಕಿತು ಅಂತ ಪೊರಕೆಯ ಹಂಚಿಕಡ್ಡಿ ತೂರಿಸಿ, ಇರುವೆ ಜೊತೆಗೆ ಅರ್ಧ ಕಡ್ಡೀನೂ ಒಳಗೇ ಬಿಟ್ಕೊಂಡು ಬಂದಿದ್ನಂತೆ. ಕಾಟಮ್ಮ ಹಣೆ ಚಚ್ಚಿಕೊಂಡು, ಅಯ್ಯೋ ನಿಮ್ಮ ಬುದ್ಧಿಗೆ ಬೆಂಕಿ ಹಾಕ, ಮೊದಲೇ ಬರೋಕೆ ನಿಮಗೇನು ಕಾಲಿಗೆ ಸಂಕೋಲೆ ಬಿದ್ದಿತ್ತಾ ಅಂತ ಬೈಯೋಳಂತೆ. ಬಾಯಿ ಬೈತಾ ಇದ್ರೂ ಕೈ ಮಾತ್ರ ಹೂವಿನ ಹಾಗೆ ಕೆಲಸ ಮಾಡೋದಂತೆ.

ಅವಳಿಗೆ ಮೂರು ಜನ ಗಂಡುಮಕ್ಕಳು. ಗಂಡ ಸತ್ತು ಬಹಳ ಕಾಲ ಆಗಿತ್ತು. ದೊಡ್ಡವನು ಈರಬಡಪ್ಪ, ಟಗರನ್ನ ಕೊಂಬು ಹಿಡಿದು ಮಲಗಿಸೋ ಅಷ್ಟು ಬಲ, ಆದ್ರೆ ಮೆತ್ತಗೆ ಮುಟ್ಟೋದು ಅಂದ್ರೆ ಏನು ಅಂತ ಅವನ ಕೈಗೆ ಗೊತ್ತಿಲ್ಲ. ನಡುವಿನವನು ಕ್ಯಾತಪ್ಪ, ಏನು ಹೇಳಿದ್ರೂ ಅದು ನಂಗೊತ್ತು ಬಿಡವ್ವ ಅನ್ನೋ ಜಾತಿ. ಕಿರಿಯವನು ಜುಂಜ. ಅವನು ನೆಲ ನೋಡಿ ನಡೆದವನೇ ಅಲ್ಲ, ಆಕಾಶ ನೋಡ್ಕೊಂಡು ನಡೆಯೋದು, ಮುಳ್ಳು ತುಳಿಯೋದು, ಕುಂಟ್ಕೊಂಡು ಬಂದು ಅವ್ವಾ ಅನ್ನೋದು. ಮೀಸೆ ಬಂದ್ರೂ ಹಾಗೇ ಅಂತೆ. ಕಾಟಮ್ಮ ಅವನ ಕಾಲು ತೊಡೆ ಮೇಲೆ ಇಟ್ಕೊಂಡು, ನಿಂಗೆ ಕಣ್ಣು ಕೊಟ್ಟ ದೇವರನ್ನ ಹಿಡಿದು ಕೇಳ್ಬೇಕು ಕಣೋ, ಯಾಕಪ್ಪ ದಂಡ ಮಾಡಿದೆ ಅಂತ, ಅಂದ್ಕೊಂಡು ಮುಳ್ಳು ಕೀಳೋಳಂತೆ.

ಹೀಗಿರುವಾಗ ಪಕ್ಕದ ಮನೆ ಸಿರಿಯಮ್ಮ ಬಸುರಿಯಾದಳಂತೆ. ಅವಳಿಗೆ ಹಿಂದೆ ಒಂದು ಕೂಸು ಹುಟ್ಟುವಾಗಲೇ ಹೋಗಿತ್ತು. ಈ ಸಲಾನೂ ಕೂಸು ಹೊಟ್ಟೇಲಿ ಅಡ್ಡ ಮಲಗಿತ್ತು. ಕಾಟಮ್ಮ ದಿನಾ ಎಣ್ಣೆ ಹಚ್ಚಿ, ಮೇಲಿಂದ ಮೆಲ್ಲಗೆ ಸವರಿ, ಕೂಸಿನ ತಲೆ ಕೆಳಗೆ ಬರೋ ಹಾಗೆ ತಿರುಗಿಸ್ತಾ ಇದ್ದಳಂತೆ. ಅದು ತಿರುಗೋದು, ಮತ್ತೆ ಅಡ್ಡ ಬರೋದು. ಸಿರಿಯಮ್ಮ ಅವಳ ಕೈ ಹಿಡ್ಕೊಂಡು, ಕಾಟಕ್ಕ, ನಿನ್ನ ಕೈ ಇರೋದಕ್ಕೆ ನಾನು ಉಸಿರಾಡ್ತಿದೀನಿ ಅಂತಿದ್ದಳಂತೆ.

ಅಂಥಾ ಹೊತ್ತಲ್ಲಿ ನೋಡು, ರೊಪ್ಪದ ಬೇಲಿ ಸಂದು ಬಿಟ್ಟಿತ್ತು. ಕಟ್ರೋ ಕಟ್ರೋ ಅಂತ ಕಾಟಮ್ಮ ಮೂವರಿಗೂ ಹೇಳಿ ಹೇಳಿ ಸಾಕಾಗಿ, ಕೊನೆಗೆ ತಾನೇ ಹೋಗಿ ಜಾಲಿ ಕೊಂಬೆ ಎಳೆದಳಂತೆ. ಎಳೆದ ರಭಸಕ್ಕೆ ಕರೀ ಮುಳ್ಳೊಂದು ಬಲಗೈ ಹೆಬ್ಬೆರಳಿನ ಬುಡಕ್ಕೆ ಇಳಿದು, ಅಲ್ಲೇ ಲಟಕ್ಕಂತ ಮುರೀತಂತೆ. ಹಟ್ಟಿಗೆಲ್ಲ ಮುಳ್ಳು ಕಿತ್ತ ಕೈ ಅದು. ಎಡಗೈಲಿ ಸೂಜಿ ಹಿಡಿದ್ರೆ ಸೂಜಿ ಒಂದು ಕಡೆ, ಮುಳ್ಳು ಒಂದು ಕಡೆ.

ಆಮೇಲೆ ದೊಡ್ಡವನನ್ನ ಕರೆದಳಂತೆ. ಸೂಜಿ ಕಾಯಿಸಿ ಮೇಲಿನ ಚರ್ಮ ಬಿಡಿಸಪ್ಪ, ಹಿಸುಕಬೇಡ ಅಂದಳು. ಈರಬಡಪ್ಪ ಹೂಂ ಹೂಂ ಅಂದವನು ರಕ್ತದ ಹನಿ ಕಂಡ ಕೂಡಲೇ ಗಾಬರಿಯಾಗಿ, ಎರಡೂ ಕೈಯಿಂದ ಹಿಡಿದು ಹಸು ಕರೆದ ಹಾಗೆ ಹಿಸುಕಿಬಿಟ್ಟನಂತೆ. ಮುಳ್ಳು ಹೊರಗೆ ಬರೋ ಬದಲು ಇನ್ನೂ ಆಳಕ್ಕೆ ಹೋಯ್ತು. ಏಳೋ, ಏಳೋ ಮುಂದಿನಿಂದ, ನಾನು ಟಗರಲ್ಲ ಕಣೋ ಅಂತ ಕಾಟಮ್ಮ ಅವನನ್ನ ಓಡಿಸಿದಳಂತೆ.

ಮಾರನೇ ದಿನ ಬೆರಳು ಊದಿಕೊಂಡಿತು. ಆಮೇಲೆ ನಡುವಿನವನನ್ನ ಕರೆದು, ಬೆಲ್ಲದಲ್ಲಿ ಸುಣ್ಣ ಕಲಸಿ ಹಚ್ಚು, ಸುಣ್ಣ ಕಡಲೆಕಾಳಿನಷ್ಟೇ ಇರ್ಲಿ, ಮುಳ್ಳು ತಾನೇ ಮೇಲೆ ಬರುತ್ತೆ ಅಂದಳಂತೆ. ಅದು ನಂಗೊತ್ತು ಬಿಡವ್ವ ಅಂದ ಕ್ಯಾತಪ್ಪ. ಕಡಲೆಯಷ್ಟು ಸುಣ್ಣ ಇಷ್ಟು ಕೆಲಸ ಮಾಡಿದ್ರೆ ಹಿಡಿಯಷ್ಟು ಎಷ್ಟು ಮಾಡಬೇಡ ಅಂತ ಲೆಕ್ಕ ಹಾಕಿ, ಬೆಲ್ಲದ ಚೂರಿಗೆ ಸುಣ್ಣದ ಗುಡ್ಡೆ ಸುರಿದು ಬಟ್ಟೆ ಕಟ್ಟೇ ಬಿಟ್ಟನಂತೆ. ಉರಿ ಹತ್ತಿ ಬಿಚ್ಚಿ ನೋಡಿದ್ರೆ ಚರ್ಮ ಬೊಬ್ಬೆ ಎದ್ದಿದೆ. ಕಾಟಮ್ಮನಿಗೆ ಅಳು ಬಂತೋ ಸಿಟ್ಟು ಬಂತೋ ಅವಳಿಗೇ ತಿಳೀಲಿಲ್ಲವಂತೆ. ಊರಿನೋರ ದಡ್ಡತನಕ್ಕೆಲ್ಲ ಔಷಧಿ ಮಾಡಿದೆನಲ್ಲೋ, ನನ್ನ ಮನೇದಕ್ಕೆ ಯಾವ ಸೊಪ್ಪು ಅರೀಲಿ ಅಂತ ಕೂತುಬಿಟ್ಟಳಂತೆ.

ಜುಂಜನನ್ನ ಅವಳು ಕರೀಲೇ ಇಲ್ಲ. ತನ್ನ ಕಾಲು ತಾನು ನೋಡ್ಕೊಳ್ಳದವನು ನನ್ನ ಕೈ ಏನು ನೋಡ್ತಾನೆ ಅಂತ.

ಆಮೇಲೆ ಜ್ವರ ಬಂತು, ಮೊಣಕೈವರೆಗೂ ಸೆಳೆತ ಬಂತು. ಮಾರನೇ ಬೆಳಿಗ್ಗೆ ಕುರಿ ಮೇಯೋಕೆ ಬಿಡೋ ಹೊತ್ತಿಗೆ ಸಿರಿಯಮ್ಮನ ಅತ್ತೆ ಏದುಸಿರು ಬಿಡ್ತಾ ಬಂದು, ಕಾಟವ್ವ, ಸೊಸೆಗೆ ಸಣ್ಣಗೆ ನೋವು ಶುರುವಾಗಿದೆ, ಕೂಸು ಮತ್ತೆ ಅಡ್ಡ ಬಂದಿದೆ, ಏಳು ಅಂದಳಂತೆ. ಕಾಟಮ್ಮ ಕೈ ಎತ್ತಿ ತೋರಿಸಿದಳು. ಬೆಂದ ಬದನೆಕಾಯಿ ಹಾಗಿತ್ತಂತೆ ಆ ಬೆರಳು. ಅತ್ತೆ ಹಾಗೇ ಬಾಗಿಲಿಗೆ ಒರಗಿಕೊಂಡಳು.

ಆಗ ಜುಂಜ ಯಾರೂ ಹೇಳದೇನೇ ಎದ್ದು ಹೋಗಿ ಬೂದಿ ಹಚ್ಚಿ ಕೈ ತೊಳ್ಕೊಂಡು ಬಂದನಂತೆ. ಬಿಸಿನೀರಿಗೆ ಉಪ್ಪು ಹಾಕಿ, ತನ್ನ ಮೊಣಕೈ ಅದ್ದಿ ಬಿಸಿ ನೋಡಿ, ಅವ್ವನ ಕೈ ಅದರಲ್ಲಿ ಇಳಿಸಿದ. ನೀರು ಆರಿದ ಹಾಗೆಲ್ಲ ಬದಲಾಯಿಸಿದ. ರಾಗಿಹಿಟ್ಟಿಗೆ ಅರಿಶಿನ ಹಾಕಿ ಬೇಯಿಸಿ, ಬೊಬ್ಬೆಗೆ ತಾಗದ ಹಾಗೆ ಮುಳ್ಳಿನ ಮೇಲೆ ಮಾತ್ರ ಬೆಚ್ಚಗೆ ಇಟ್ಟ. ಇದೆಲ್ಲ ನಿಂಗ್ಯಾರೋ ಹೇಳಿಕೊಟ್ಟೋರು ಅಂದಳಂತೆ ಕಾಟಮ್ಮ. ಯಾರು ಹೇಳ್ಬೇಕವ್ವ, ಹುಟ್ಟಿದಾಗಿನಿಂದ ನನ್ನ ಕಾಲಿಗೇ ಮಾಡಿದೀಯಲ್ಲ, ಎಲ್ಲಿ ಮುಟ್ಟಿದ್ರೆ ಜೀವ ಹೋಗುತ್ತೆ, ಎಲ್ಲಿ ಮುಟ್ಟಿದ್ರೆ ಹಾಯ್ ಅನ್ಸುತ್ತೆ ನಂಗೆ ಗೊತ್ತು ಅಂದನಂತೆ.

ಆಮೇಲೆ ಸೂಜೀನ ದೀಪದಲ್ಲಿ ಕಾಯಿಸಿದ. ಸೂಜಿ ಕಂಡದ್ದೇ ತಡ, ಊರಿನೋರ ಮೈಯೆಲ್ಲ ಚುಚ್ಚಿದ ಕಾಟಮ್ಮ ಸಣ್ಣ ಮಗು ಹಾಗೆ ಕೈ ಹಿಂದಕ್ಕೆ ಎಳ್ಕೊಂಡಳಂತೆ. ಎಷ್ಟು ಹೇಳಿದ್ರೂ ಕೊಡಲೊಲ್ಲಳು. ಜುಂಜ ಮೆಲ್ಲಗೆ ಕೇಳಿದನಂತೆ. ಅವ್ವ, ನೀನು ನಂಗೆ ಕೀಳುವಾಗ ಬೈತಿದ್ದೆಯಲ್ಲ, ಆ ಬೈಗುಳ ಕೇಳ್ತಾ ಕೇಳ್ತಾ ನಂಗೆ ನೋವೇ ಗೊತ್ತಾಗ್ತಿರ್ಲಿಲ್ಲ, ನಾನೂ ನಿನ್ನ ಬೈಯ್ಲಾ?

ಕಾಟಮ್ಮ ಬಾಯಿ ತೆಗೆದು ಉತ್ತರ ಕೊಡೋದ್ರೊಳಗೆ ಅವನು ಅವಳ ಬಲಗೈ ಹಿಡ್ಕೊಂಡು ಶುರು ಮಾಡೇ ಬಿಟ್ಟನಂತೆ. ಏನೇ ಮುದುಕಿ, ನಿಂಗೆ ಕಣ್ಣು ಕಾಣಲ್ವಾ, ಮನೇಲಿ ಮೂರು ಕೋಣ ಸಾಕಿದೀಯ, ಬೇಲಿ ಕಟ್ಟೋಕೆ ನಿನ್ನ ಯಾರು ಕರೆದಿದ್ರು, ಊರಿಗೆಲ್ಲ ಬುದ್ಧಿ ಹೇಳ್ತೀಯ, ನಿನ್ನ ಬುದ್ಧೀನ ಏನು ಕುರಿ ಮೇದಿತ್ತಾ! ಎಲಾ ಇವನ, ಹೆತ್ತ ತಾಯಿಗೆ ಮುದುಕಿ ಅಂತೀಯೇನೋ ಅಂತ ಕಾಟಮ್ಮ ಕಣ್ಣು ಕೆಂಪಗೆ ಮಾಡ್ಕೊಂಡು ಎಡಗೈಲಿ ಅವನ ಜುಟ್ಟು ಹಿಡಿಯೋ ಹೊತ್ತಿಗೆ, ಬಂತು ಅಂದನಂತೆ ಜುಂಜ. ಅವನ ಅಂಗೈಲಿ ಕರೀ ಮುಳ್ಳು, ಜೀರಿಗೆಗಿಂತ ಸ್ವಲ್ಪ ಉದ್ದ. ಹಿಂದೆಯೇ ಕೀವೂ ಬಂತು, ಕೈ ಹಗುರಾಯ್ತು.

ಕಾಟಮ್ಮ ಅವನ ಜುಟ್ಟು ಬಿಡೋದು ಮರೆತು ಹಾಗೇ ಕೂತಿದ್ದಳಂತೆ. ಇಷ್ಟು ಕಾಲ ಹುಡುಗ ನನ್ನ ಬಾಯಿಗೆ ನೊಂದ್ಕೊಂಡಿರಬಹುದು ಅಂದ್ಕೊಂಡಿದ್ದಳು, ಅದನ್ನ ಇವನು ಔಷಧಿ ಅಂತ ತಗೊಂಡಿದ್ದ ನೋಡು. ಆದ್ರೆ ಬಾಯಲ್ಲಿ ಅಂದಿದ್ದು ಮಾತ್ರ, ಉಗುರು ಕತ್ತರಿಸ್ಕೊಳೋ ಕೊಳಕ, ಅಂತ.

ಆಮೇಲೆ ಗಾಯಕ್ಕೆ ಒಗೆದ ಬಟ್ಟೆ ಕಟ್ಟಿಸ್ಕೊಂಡು ಸಿರಿಯಮ್ಮನ ಹತ್ರ ಹೋದಳಂತೆ. ಬಲಗೈ ಮುಟ್ಟಿಸೋ ಹಾಗಿಲ್ಲ. ಹೊಟ್ಟೆ ಮೇಲೆ ತನ್ನ ಎಡಗೈ ಇಟ್ಟು, ಪಕ್ಕದಲ್ಲಿ ಅತ್ತೆ ಕೈ ಇಡಿಸಿ, ಇಲ್ಲಿ ತಳ್ಳು, ಅಲ್ಲಿ ಬಿಡು, ರೊಟ್ಟಿ ತಟ್ಟೋ ಹಾಗೆ ಮಾಡಬೇಡ, ನಿಂಗೇನು ಅತ್ತೆ ಪದವಿ ಪುಕ್ಕಟೆ ಬಂತಾ ಅಂತ ಗದರಿಸ್ತಾ ಗದರಿಸ್ತಾ ಕೂಸು ತಿರುಗಿಸಿದಳಂತೆ. ಆ ಬೈಗುಳಕ್ಕೆ ಸಿರಿಯಮ್ಮ ನೋವಿನ ನಡುವೆಯೂ ನಕ್ಕಳಂತೆ. ಕುರಿಗಳು ರೊಪ್ಪಕ್ಕೆ ವಾಪಸ್ ಬರೋ ಹೊತ್ತಿಗೆ ಹೆಣ್ಣುಕೂಸು, ತಲೆ ಮುಂದೆ ಮಾಡಿ, ಹಟ್ಟಿಗೆಲ್ಲ ಕೇಳೋ ಹಾಗೆ ಅತ್ಕೊಂಡು ಬಂತಂತೆ. ತಾಯೀನೂ ಗಟ್ಟಿಯಾಗಿದ್ದಳು.

ಅವತ್ತಿನಿಂದ ಈರಬಡಪ್ಪ ಬೇಲಿ ಸಂದು ಬಿಡ್ಲಿಲ್ಲ, ಕ್ಯಾತಪ್ಪ ಸುಣ್ಣದ ಡಬ್ಬಿ ಮುಟ್ಲಿಲ್ಲ, ಮುಳ್ಳು ಚುಚ್ಚಿಸ್ಕೊಂಡೋರು ಜುಂಜನ ಹತ್ರಾನೂ ಬರೋಕೆ ಶುರು ಮಾಡಿದ್ರಂತೆ. ಕಾಟಮ್ಮ ಪಕ್ಕದಲ್ಲೇ ಕೂತು, ಹಾಗಲ್ಲ ಕಣೋ, ಇನ್ನೂ ಖಾರವಾಗಿ ಬೈಯ್ಬೇಕು ಅಂತ ತಿದ್ದೋಳಂತೆ. ಸಿರಿಯಮ್ಮ ಮಗಳಿಗೆ ಕಾಟಮ್ಮನ ಹೆಸರನ್ನೇ ಇಟ್ಟಳು. ಆ ಮರಿಕಾಟಮ್ಮ ನಡೆಯೋಕೆ ಕಲಿತ ದಿನವೇ ಸೀದಾ ಹೋಗಿ ಜಾಲಿಮುಳ್ಳು ತುಳಿದು, ಒಂದು ಕಾಲಲ್ಲಿ ಕುಂಟ್ಕೊಂಡು ಇವರ ಬಾಗಿಲಿಗೆ ಬಂದು ನಿಂತಳಂತೆ. ಕಾಟಮ್ಮ ಎರಡೂ ಕೈ ಆಕಾಶಕ್ಕೆ ಎತ್ತಿ, ಅಯ್ಯೋ ಶಿವನೇ, ಇನ್ನೊಂದು ಹುಟ್ಟಿತಲ್ಲಪ್ಪ ಅಂತ ಅಂದು, ಜುಂಜಾ, ಏ ಜುಂಜಾ, ಬೇಗ ಬಾರೋ, ಇವಳನ್ನ ಬೈಯ್ಬೇಕು ಅಂತ ಕೂಗಿದಳಂತೆ.

ಅವರು ಹಾಗೆ ಬೈದುಕೊಂಡು ಚೆನ್ನಾಗಿದ್ರು, ಕತೆ ಇಲ್ಲಿಗೆ ಮುಗೀತು, ನೀನಿನ್ನು ಕಾಲು ಆಡಿಸೋದು ನಿಲ್ಲಿಸಿ ಮಲಗ್ತೀಯೋ, ಇಲ್ಲಾ ನಾನೂ ಶುರು ಮಾಡ್ಲೋ?