ಮರಿದೇವರು ಹಿಡಿದ ಕುರ್ಚಿ

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಆ ಮಠಕ್ಕೊಬ್ಬರು ಹಿರಿಯ ಸ್ವಾಮಿಗಳು. ಊರವರೆಲ್ಲ ಅವರನ್ನು ಬುದ್ದಿ ಎಂದೇ ಕರೆಯುತ್ತಿದ್ದರು. ಅವರ ಬೆನ್ನಿಗೆ ಒಬ್ಬ ಮರಿ.

ಮಠದ ಮಾತಿನಲ್ಲಿ ಮರಿ ಎಂದರೆ ಮುಂದೆ ಪೀಠಕ್ಕೆ ಬರಲಿ ಎಂದು ಸಾಕಿಕೊಂಡ ಶಿಷ್ಯ. ಚಡ್ಡಿ ಹಾಕುವ ವಯಸ್ಸಿನಲ್ಲಿ ಬಂದವನಿಗೆ ಈ ಹೆಸರು ಚೆನ್ನಾಗಿ ಒಪ್ಪುತ್ತದೆ. ಈ ಮರಿಯ ಹೆಸರು ಷಡಕ್ಷರಿ. ಅವನಿಗೆ ನಲವತ್ತು ದಾಟಿತ್ತು, ಗಡ್ಡದಲ್ಲಿ ಬಿಳಿ ಕೂದಲು ಇಣುಕಿತ್ತು. ಆದರೂ ಎಲ್ಲರ ಬಾಯಲ್ಲೂ ಅವನು ಮರಿಯೇ. ಗೌರವ ಜಾಸ್ತಿಯಾದರೆ ಮರಿದೇವರು, ಅಷ್ಟೇ.

ಬುದ್ದಿಯವರ ಕಣ್ಣಿಗೆ ಪೊರೆ ಬಂದಿತ್ತು. ಬೆಂಗಳೂರಿನ ಡಾಕ್ಟರಿಗೆ ತೋರಿಸಲು ಹೊರಟ ಬೆಳಿಗ್ಗೆ, ಮಠದ ಟ್ರಸ್ಟಿನ ಗುರುಮಲ್ಲಪ್ಪನವರು ಮರಿಯನ್ನು ಹೊಳೆಯ ಮೆಟ್ಟಿಲಿನ ಕಡೆಗೆ ಕರೆದುಕೊಂಡು ಹೋದರು. ಅಕ್ಕಿ ಗಿರಣಿ ನಡೆಸುವ ಮನುಷ್ಯ. ತಮಗೇನೂ ಬೇಡ ಎಂದೇ ಮಾತು ಶುರುಮಾಡಿದರು. ಏನೋ ಬೇಕಾದವರು ಶುರುಮಾಡುವುದೇ ಹಾಗೆ.

ಬುದ್ದಿಯವರಿಗೆ ವಯಸ್ಸಾಯಿತು, ಕಣ್ಣೂ ಕೈಕೊಡುತ್ತಿದೆ ಎಂದರು. ಶಿವರಾತ್ರಿಗೆ ಪೀಠ ಬಿಟ್ಟುಕೊಡುತ್ತೇನೆ ಎಂಬ ಮಾತು ಅವರ ಬಾಯಿಂದಲೇ ಬರಬೇಕು. ಬಂದರೆ ಮರಿಗೆ ಪಟ್ಟ ಕಟ್ಟುವ ಹೊಣೆ ಟ್ರಸ್ಟಿನದು. ಬರದೆ, ನಾಳೆ ಅವರಿಗೆ ಹೆಚ್ಚುಕಮ್ಮಿಯಾದರೆ, ಟ್ರಸ್ಟಿನಲ್ಲಿ ಒಬ್ಬೊಬ್ಬರದು ಒಂದೊಂದು ದಿಕ್ಕು. ಆಚೆ ಊರಿನ ಮಠದಲ್ಲಿ ಕಾನೂನು ಓದಿದ ಮರಿಯೊಬ್ಬ ಇದ್ದಾನೆ, ಕೆಲವರ ಕಣ್ಣು ಆಗಲೇ ಅವನ ಮೇಲೆ ಬಿದ್ದಿದೆ.

"ಇವತ್ತೇ ಕೇಳಿಬಿಡಿ ಮರಿದೇವ್ರೇ. ಸಂಜೆಗೆ ಮೀಟಿಂಗು. ಅಷ್ಟರೊಳಗೆ ನಂಗೊಂದು ಮಾತು ಬೇಕು."

ಕೇಳುವುದು ಸರಿಯೋ ತಪ್ಪೋ ಮರಿಗೆ ತಿಳಿಯಲಿಲ್ಲ. ಆದರೆ ಕಾನೂನು ಓದಿದ ಆ ಇನ್ನೊಬ್ಬ ಮರಿ ಅವನ ತಲೆಯೊಳಗೆ ಹೊಕ್ಕು, ಕಾಲು ಮಡಚಿ ಕೂತುಬಿಟ್ಟ.

ಕಾರಿನಲ್ಲಿ ಕೇಳೋಣವೆಂದರೆ ಬುದ್ದಿ ದಾರಿಯುದ್ದಕ್ಕೂ ನಿದ್ದೆ. ಆಸ್ಪತ್ರೆಯಲ್ಲಿ ಕೇಳೋಣವೆಂದರೆ ಕಣ್ಣಿಗೆ ಔಷಧಿ ಬಿಟ್ಟು, ರೆಪ್ಪೆ ತೆರೆಯಬೇಡಿ ಎಂದು ಬೆಂಚಿನ ಮೇಲೆ ಕೂರಿಸಿದ್ದರು. ಕಣ್ಣು ಮುಚ್ಚಿ ಕೂತವರ ಹತ್ತಿರ ಅವರ ಪೀಠ ಕೇಳುವುದು ಹೇಗೆ?

ಡಾಕ್ಟರು ಆಪರೇಷನ್ ಆಗಬೇಕು, ಅವಸರವೇನಿಲ್ಲ ಎಂದು ಕಳಿಸಿದರು. ಹೊರಗೆ ಬಂದೊಡನೆ ಬುದ್ದಿ ಹಸಿವು ಎಂದರು.

ಇಲ್ಲೇ ಹತ್ತಿರದಲ್ಲಿ ಭಕ್ತರ ಮನೆಯಿದೆ, ಕಾಯುತ್ತಿರುತ್ತಾರೆ, ಕಾವಿ ಉಟ್ಟವರು ಹೋಟೆಲಿಗೆ ಹೋದರೆ ನೋಡಿದವರು ಏನೆಂದಾರು ಎಂದು ಮರಿ ಹೇಳಿದ.

"ಅಲ್ಲಿ ಮೊದಲು ಪಾದಪೂಜೆ. ಆಮೇಲೆ ಮೊಮ್ಮಕ್ಕಳಿಗೆಲ್ಲ ಆಶೀರ್ವಾದ. ತಟ್ಟೆ ಬರೋ ಹೊತ್ಗೆ ಹಸಿವೇ ಎದ್ದು ಹೋಗಿರ್ತದೆ," ಎಂದರು ಬುದ್ದಿ, ತುಪ್ಪದ ವಾಸನೆ ಬಂದ ಕಡೆಗೆ ನಡೆದೇಬಿಟ್ಟರು.

ರಸ್ತೆಯ ಮೂಲೆಯಲ್ಲೊಂದು ಸಸ್ಯಾಹಾರಿ ಹೋಟೆಲು. ಸಣ್ಣದು. ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ ಸಾಲುವ ಮೇಜುಗಳು, ಕೂತು ಕೂತು ನುಣುಪಾದ ಮರದ ಕುರ್ಚಿಗಳು, ಕಿಟಕಿಯಿಂದ ಹದವಾದ ಬಿಸಿಲು. ಒಳಗೆ ಕಾಲಿಟ್ಟವರಿಗೆ ನೆಂಟರ ಮನೆಗೆ ಬಂದ ಹಾಗಿರಬೇಕು ಎಂದು ಯಜಮಾನ ಲೆಕ್ಕ ಹಾಕಿಯೇ ಹಾಗೆ ಮಾಡಿಸಿದ್ದ. ಇತ್ತು ಕೂಡ. ಒಂದೇ ತೊಂದರೆ, ಒಂದು ಕುರ್ಚಿಯೂ ಖಾಲಿ ಇರಲಿಲ್ಲ.

ಗಲ್ಲಾದಲ್ಲಿದ್ದ ಯಜಮಾನ ಎದ್ದು ಕೈಮುಗಿದ. ಇಲ್ಲಿ ಸರದಿಯ ಚೀಟಿ ಕೊಡುವುದಿಲ್ಲ, ಯಾರದಾದರೂ ಮುಗಿಯುವ ಹಾಗೆ ಕಂಡರೆ ಅವರ ಕುರ್ಚಿಯ ಹಿಂದೆ ನಿಲ್ಲಬೇಕು, ಅವರು ಎದ್ದ ಮೇಲೆ ಕೂರಬೇಕು, ಮೊದಲಿನಿಂದ ನಡೆದು ಬಂದದ್ದು ಎಂದು ನಾಚಿಕೊಂಡೇ ಹೇಳಿದ. ತಾವು ಹೇಳಿದರೆ ಯಾರನ್ನಾದರೂ ಎಬ್ಬಿಸುತ್ತೇನೆ ಎಂದೂ ಸೇರಿಸಿದ.

"ಬ್ಯಾಡಪ್ಪ. ನಿನ್ನ ಪದ್ಧತಿ ಹ್ಯಾಗಿದ್ದದೋ ಹಾಗೇ ಆಗಲಿ."

ಮರಿ ಎಲ್ಲರ ತಟ್ಟೆಗಳ ಮೇಲೂ ಒಮ್ಮೆ ಕಣ್ಣಾಡಿಸಿದ. ದನದ ವ್ಯಾಪಾರಕ್ಕೆ ಬಂದವರು ಹಲ್ಲು ನೋಡುವ ಹಾಗೆ, ಯಾರದು ಎಷ್ಟು ಉಳಿದಿದೆ ಎಂದು ನೋಡಿದ. ಕಿಟಕಿಯ ಪಕ್ಕ ಒಬ್ಬರೇ ಕೂರುವ ಮೇಜು. ಅಲ್ಲೊಬ್ಬರು ಬೋಳುತಲೆಯ ಹಿರಿಯರು. ಮಸಾಲೆದೋಸೆ ಅರ್ಧ ಮುಗಿದಿತ್ತು. ಇದೇ ಸರಿ ಎಂದುಕೊಂಡ.

ತಿರುಗಿ ನೋಡಿದರೆ ಬುದ್ದಿ ಬೇರೆ ಮೇಜಿನ ಹತ್ತಿರ ನಿಂತಿದ್ದರು. ಆಫೀಸಿನ ಚೀಲ ತೊಡೆಯ ಮೇಲಿಟ್ಟುಕೊಂಡ ಹೆಂಗಸೊಬ್ಬಳ ಕುರ್ಚಿಯ ಹಿಂದೆ. ಅವಳ ದೋಸೆ ಆ ಕ್ಷಣಕ್ಕೆ ಮೇಜಿಗೆ ಬಂದಿತ್ತು. ಹಬೆ ಏಳುತ್ತಿತ್ತು.

ಮರಿ ಹತ್ತಿರ ಹೋಗಿ ಪಿಸುಗುಟ್ಟಿದ. "ಬುದ್ದೀ, ಇಲ್ಲಿ ಬ್ಯಾಡಿ. ಇವರದು ಈಗ ತಾನೆ ಬಂದದೆ."

"ಹೂಂ. ಬಿಸಿ ಅದೆ."

ಇದು ತನ್ನ ಮಾತಿಗೆ ಉತ್ತರವೋ ಅಲ್ಲವೋ ಮರಿಗೆ ಗೊತ್ತಾಗಲಿಲ್ಲ. ಕಣ್ಣು ಮಂಜಾಗಿ ತಟ್ಟೆ ಕಾಣಲಿಲ್ಲವೇನೋ ಎಂದುಕೊಂಡ. ಕಾಣದಿದ್ದರೆ ಬಿಸಿ ಎಂದು ತಿಳಿದದ್ದು ಹೇಗೆ?

ಬೆನ್ನ ಹಿಂದೆ ಕಾವಿ ಕಂಡ ಹೆಂಗಸು ಗಾಬರಿಯಾಗಿ ಚೀಲ ಎತ್ತಿಕೊಂಡು ಎದ್ದಳು. ಬುದ್ದಿ ಅವಳನ್ನು ಒತ್ತಾಯ ಮಾಡಿ ಕೂರಿಸಿದರು. ಕೂರಿಸಿ, ಅವಳಿಗೆ ಬೆನ್ನು ಮಾಡಿ ನಿಂತು, ಕಾಫಿಬೀಜ ಎಲ್ಲಿಂದ ತರಿಸುತ್ತೀಯಪ್ಪ ಎಂದು ಗಲ್ಲಾದವನನ್ನು ಮಾತಿಗೆಳೆದರು. ಹೆಂಗಸು ಮೊದಮೊದಲು ಗಬಗಬ ತಿಂದಳು. ಆಗಾಗ ತಿರುಗಿ ನೋಡಿದಳು. ನೋಡಿದಾಗಲೆಲ್ಲ ಕಂಡದ್ದು ಒಂದು ಬೆನ್ನು. ಆಮೇಲೆ ನಿಧಾನವಾದಳು. ಇನ್ನೊಂದಿಷ್ಟು ಚಟ್ನಿ ಕೇಳಿ ಹಾಕಿಸಿಕೊಂಡಳು.

ಹೀಗೆ ನಿಂತರೆ ಸಂಜೆಯಾದರೂ ಸೀಟು ಸಿಕ್ಕುವುದಿಲ್ಲ ಎಂದು ಮರಿ ತನ್ನ ಜಾಗಕ್ಕೆ ಹೋದ.

ಹಿರಿಯರ ಕುರ್ಚಿಗೆ ಅಂಟಿಕೊಂಡ ಹಾಗೆ ನಿಂತ. ತಟ್ಟೆ ನೋಡಿದ. ಅವರು ತುಂಡು ಮುರಿಯುವುದು, ಪಲ್ಯಕ್ಕೆ ಒತ್ತುವುದು, ಚಟ್ನಿಗೆ ಅದ್ದುವುದು, ಬಾಯಿಗಿಡುವ ಮುಂಚೆ ಒಂದು ಗಳಿಗೆ ತಡೆಯುವುದು, ಎಲ್ಲ ನೋಡಿದ. ಎಷ್ಟು ನಿಧಾನವಪ್ಪ ಈ ಮನುಷ್ಯ, ಎಂದು ಅವನ ಮನಸ್ಸು ಕುದಿಯಿತು.

ಹಿರಿಯರು ತಿರುಗಿ ನೋಡಿ ನಕ್ಕರು. ಮರಿ ನಗಲಿಲ್ಲ. ಅವರ ತುತ್ತು ದೊಡ್ಡದಾಯಿತು. ಮರಿ ಕಾಲು ಬದಲಿಸಿದ. ಗಂಟಲು ಸರಿಮಾಡಿಕೊಂಡ. ಹಿರಿಯರ ಕತ್ತು ಕೆಂಪಾಯಿತು, ನೆತ್ತಿ ಹತ್ತಿತು, ನೀರು ಕುಡಿದರು. ಕುಡಿದವರು ಲೋಟ ಇಟ್ಟು, ಎದ್ದು, "ಕೂತ್ಕೊಳಿ ಸ್ವಾಮಿ, ಕೂತ್ಕೊಳಿ," ಎನ್ನುತ್ತ ಹೊರಟೇಹೋದರು.

ಮರಿ ಕೂತ. ಬುದ್ದಿಯವರ ಕಡೆ ಕೈಬೀಸಿ, ಬನ್ನಿ, ನಿಮಗೇ ಹಿಡಿದದ್ದು ಎಂದ.

ಬುದ್ದಿ ಅಲ್ಲಿಂದಲೇ ತಲೆಯಾಡಿಸಿದರು. "ಅದು ನಿಂದು ಮರಿ. ನೀನೇ ಕೂತ್ಕೊ."

ಮರಿಯ ಮನಸ್ಸಿಗೆ ಸಮಾಧಾನವಾಯಿತು. ಕೂತ ಮೇಲೆ ಕೇಳುವುದು ಸುಲಭ. ಒಂದು ದೋಸೆ ಹೊಟ್ಟೆಗೆ ಬಿದ್ದರೆ ಧೈರ್ಯವೂ ಬರುತ್ತದೆ. ಸಪ್ಲೈಯರನನ್ನು ಕರೆದ. ಕರಾವಳಿಯ ಕಡೆಯವನು. ಬಂದವನು ಮೇಜು ನೋಡಿ ನಿಂತ.

"ಸ್ವಾಮಿ, ಇಲ್ಲಿ ಜನ ಉಂಟು."

"ಎದ್ದು ಹೋದರಲ್ಲಪ್ಪ."

"ಎಲ್ಲಿ ಹೋಗ್ತಾರೆ? ತಟ್ಟೆಯಲ್ಲಿ ಅರ್ಧ ಉಂಟಲ್ಲ. ದಿನಾ ಬರುವವರು ಅವರು. ಚಟ್ನಿ ಸಹ ಬಿಡುವವರಲ್ಲ. ಫೋನ್ ಬಂದಿರಬೇಕು, ಹೊರಗೆ ಹೋಗಿದ್ದಾರೆ. ಬರ್ತಾರೆ."

ಅವರು ಬರುವುದಿಲ್ಲ ಎಂದು ಮರಿಗೆ ಚೆನ್ನಾಗಿ ಗೊತ್ತಿತ್ತು. ಹೇಗೆ ಗೊತ್ತು ಎಂದು ಹೇಳುವ ಹಾಗಿರಲಿಲ್ಲ.

ಕ್ಲೀನರನನ್ನು ಕರೆದ. ಅವನೂ ಬಗ್ಗಿ ನೋಡಿ, ತಿನ್ನುವವರು ಇನ್ನೂ ಇದ್ದಾರಲ್ಲ ಎಂದು ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಮುಂದಕ್ಕೆ ಹೋದ. ತಾನೇ ತಟ್ಟೆ ಸರಿಸಿಬಿಡೋಣವೆಂದರೆ ಇನ್ನೊಬ್ಬರ ಎಂಜಲು. ಕಾವಿ ಉಟ್ಟವನು ತುಂಬಿದ ಹೋಟೆಲಿನಲ್ಲಿ ಎಂಜಲು ಮುಟ್ಟುವುದು ಹೇಗೆ?

ಕುರ್ಚಿ ಇತ್ತು. ಮೇಜಿತ್ತು. ಎದುರಿಗೆ ದೋಸೆಯೂ ಇತ್ತು. ಯಾವುದೂ ತನ್ನದಲ್ಲ.

ಅಷ್ಟರಲ್ಲಿ ಬೆನ್ನ ಹಿಂದೆ ಇಬ್ಬರು ಬಂದು ನಿಂತರು. ಗಂಡ ಹೆಂಡತಿ. ಅರ್ಧ ದೋಸೆ ಅವನದೇ ಎಂದು ತಿಳಿದುಕೊಂಡರು. ನಿಂತರು, ನಿಂತರು. ಅವನು ತಿನ್ನಲೂ ಇಲ್ಲ, ಏಳಲೂ ಇಲ್ಲ. ಮರಿಯ ಕತ್ತಿನ ಹಿಂಭಾಗ ಉರಿಯತೊಡಗಿತು.

"ಸ್ವಾಮ್ಗಳು ಧ್ಯಾನ ಮಾಡ್ತಿದಾರೋ, ಏನ್ಕತೆ?" ಎಂದಳು ಹೆಂಡತಿ, ಮೆಲ್ಲಗೆ ಎಂದುಕೊಂಡು ಜೋರಾಗಿ.

"ಮೂಗ್ನಲ್ಲೇ ತಿಂತಾರೇನೋ. ಸುಮ್ನಿರು," ಎಂದ ಗಂಡ.

ಮರಿ ಎದ್ದುಬಿಟ್ಟ.

ಅವನು ಏಳುವುದಕ್ಕೂ ಕ್ಲೀನರ್ ಬಂದು ತಟ್ಟೆ ಎತ್ತಿ ಬಕೆಟ್ಟಿಗೆ ಹಾಕುವುದಕ್ಕೂ ಸರಿಹೋಯಿತು. ಮೇಜು ಒರೆಸಿದ. ಗಂಡ ನಿಂತೇ ಇದ್ದು ಹೆಂಡತಿಯನ್ನು ಕೂರಿಸಿದ. ಸಪ್ಲೈಯರ್ ಬಂದು, ಏನು ಕೊಡಲಿ ಎಂದು ಕೇಳಿದ.

ಮರಿ ದಿಕ್ಕುಗೆಟ್ಟವನ ಹಾಗೆ ನೋಡುತ್ತ ನಿಂತ.

ಆ ಕಡೆ ಆಫೀಸಿನ ಹೆಂಗಸು ತಿಂದು ಮುಗಿಸಿದ್ದಳು. ತಟ್ಟೆಯಲ್ಲಿ ಒಂದು ಕರಿಬೇವಿನ ಎಸಳು ಬಿಟ್ಟರೆ ಏನೂ ಇರಲಿಲ್ಲ. ಕಾಫಿಯನ್ನೂ ಕುಡಿದು, ಲೋಟ ತಟ್ಟೆಯೊಳಗಿಟ್ಟು, ಕ್ಲೀನರ್ ಬಂದು ಒರೆಸುವವರೆಗೂ ಅಲ್ಲೇ ಇದ್ದು, ಎದ್ದು ನಿಂತು ಕರೆದಳು.

"ಬನ್ನಿ ಬುದ್ದೀ. ನಂದಾಯ್ತು."

ಬುದ್ದಿ ತಿರುಗಿದರು, ಕೂತರು. ಹೇಳದೆಯೇ ದೋಸೆ ಬಂತು. ಗಲ್ಲಾದವನು ಆಗಲೇ ಒಳಗೆ ಹೇಳಿದ್ದ. ಬುದ್ದಿಯವರ ಕಣ್ಣಿಗೆ ತಟ್ಟೆ ಬರೀ ಮಸುಕು ಮಸುಕು. ಬೆರಳಿನಿಂದ ತಡವಿ ದೋಸೆಯ ಅಂಚು ಹುಡುಕಿ ಮುರಿದರು. ಚಟ್ನಿಯ ಬಟ್ಟಲನ್ನೂ ತಡವಿಯೇ ಹುಡುಕಿದರು. ತಿನ್ನತೊಡಗಿದರು. ಬೋಳುತಲೆಯ ಹಿರಿಯರೇ ಇವರಿಗಿಂತ ಎಷ್ಟೋ ಚುರುಕು.

ಮರಿ ಬಂದು ಅವರ ಕುರ್ಚಿಯ ಹಿಂದೆ ನಿಂತ. ನಿಲ್ಲಲು ಬೇರೆ ಜಾಗವಿರಲಿಲ್ಲ.

"ನಿಂದಾಯ್ತಾ ಮರಿ?" ಬುದ್ದಿ ತಟ್ಟೆಯಿಂದ ತಲೆ ಎತ್ತದೆ ಕೇಳಿದರು.

ಮರಿ ನಡೆದದ್ದೆಲ್ಲ ಹೇಳಿದ. ಹಿರಿಯರು ಯಾಕೆ ಎದ್ದರು ಎನ್ನುವುದೊಂದನ್ನು ಬಿಟ್ಟು. ತಾನು ಕೂತಿದ್ದಾಗ ಕರೆದು ಕೇಳಿದರೂ ತಟ್ಟೆ ತೆಗೆಯಲಿಲ್ಲ, ಎದ್ದ ಕೂಡಲೇ ತೆಗೆದರು, ಇದು ಯಾವ ನ್ಯಾಯ ಎಂದ.

"ನೀನು ಕೂತಿದ್ದೆಯಲ್ಲ. ಹ್ಯಾಗೆ ತೆಗೀತಾರೆ?"

"ಕೂತಿದ್ದವನು ನಾನು ಬುದ್ದೀ. ತಟ್ಟೆ ಅವರದು."

"ಅದೇ," ಎಂದರು ಬುದ್ದಿ.

ಮರಿಗೆ ಇನ್ನಷ್ಟು ಗೋಜಲಾಯಿತು. ಒಪ್ಪಿದರೋ, ಬೈದರೋ? ಎರಡನೇ ಸಲ ಕೇಳಿದರೆ ದಡ್ಡನೆಂದಾರು.

ಆಗ ಅವನ ಜೋಳಿಗೆಯಲ್ಲಿ ಫೋನು ಹೊಡೆದುಕೊಂಡಿತು. ಗುರುಮಲ್ಲಪ್ಪನವರು. ಕೇಳಿದಿರಾ ಎಂದರು. ಇನ್ನೂ ಇಲ್ಲ ಎಂದ. ಇಷ್ಟು ಹೊತ್ತು ಮಾಡಿದ್ದೇನು ಎಂದು ಅವರು ಸ್ವಲ್ಪ ಗಟ್ಟಿಯಾಗಿಯೇ ಕೇಳಿದರು. ಸೀಟು ಹಿಡಿಯುತ್ತಿದ್ದೆ ಎಂದು ಹೇಳಲಾದೀತೆ? ಮೀಟಿಂಗಿಗೆ ಆಗಲೇ ಜನ ಸೇರುತ್ತಿದ್ದಾರೆ, ಆಚೆ ಮಠದ ಕಡೆಯವರೂ ಬಂದಿದ್ದಾರೆ, ಈಗಲೇ ಕೇಳಿ, ನಾನು ಫೋನ್ ಇಡುವುದಿಲ್ಲ ಎಂದರು.

ಮರಿ ಫೋನನ್ನು ಎದೆಗೆ ಒತ್ತಿ ಹಿಡಿದ.

"ಬುದ್ದೀ."

"ಹೇಳು."

"ಟ್ರಸ್ಟಿನೋರು ಕೇಳ್ತಾವ್ರೆ. ಶಿವರಾತ್ರಿಗೆ, ಪೀಠದ ವಿಚಾರ." ಫೋನನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡ. "ಅವರಲ್ಲ. ನಾನೇ ಕೇಳ್ತಾ ಇವ್ನಿ."

ಬುದ್ದಿಯವರ ಕೈ ದೋಸೆಯ ಮೇಲೆ ನಿಂತಿತು. ಎಷ್ಟೋ ವರ್ಷದಿಂದ ನೋಡಿದ ಕೈ. ಕೋಪ ಬಂದರೂ ನಡುಗದ ಕೈ.

"ಮರಿ."

"ಬುದ್ದೀ."

"ಒಂಚೂರು ಆ ಕಡೆ ಸರಿ. ತಟ್ಟೆ ಮೇಲೆ ನಿನ್ನ ನೆರಳು ಬೀಳ್ತಾ ಅದೆ. ಏನೂ ಕಾಣಲ್ದು."

ಮರಿ ಸರಿದ. ಕಿಟಕಿಯ ಬೆಳಕು ತಟ್ಟೆಗೆ ಬಿತ್ತು. ಬುದ್ದಿ ಬಗ್ಗಿ ನೋಡಿ, ಪಲ್ಯ ಇದ್ದ ಜಾಗ ಕಂಡುಕೊಂಡು, ದೊಡ್ಡದೊಂದು ತುಂಡು ಮುರಿದು, ಕಣ್ಣು ಮುಚ್ಚಿಕೊಂಡು ತಿಂದರು. ಆಮೇಲೆ ಇನ್ನೊಂದು. ಕೊನೆಯ ಚೂರಿಗೆ ಬಟ್ಟಲಿನ ಚಟ್ನಿಯನ್ನೆಲ್ಲ ಬಳಿದುಕೊಂಡರು.

ತಟ್ಟೆ ಬರಿದಾಯಿತು. ಫೋನಿನಿಂದ ಗುರುಮಲ್ಲಪ್ಪನವರ ದನಿ, ಹಲೋ, ಹಲೋ ಎಂದು ಎದೆಯೊಳಗಿಂದಲೇ ಬಂದ ಹಾಗೆ ಕೇಳಿಸುತ್ತಿತ್ತು.

"ಲೈನಲ್ಲೇ ಅವ್ರೆ ಬುದ್ದೀ. ಏನಂತ ಹೇಳ್ಲಿ?"

ಬುದ್ದಿ ಬೆರಳು ಒರೆಸಿಕೊಂಡರು.

"ಇನ್ನೂ ಕಾಫಿ ಆಗಿಲ್ಲ ಅಂತ ಹೇಳು."